ಪ್ಯಾರಿಸ್ಸಿಗೆ ಹೋಗಿಬಂದ ತೊಟ್ಟಿಲು

ಲಿಂಗಯ್ಯನಿಗೆ ಆ ಮಂಗಳವಾರ ಬಂದ ಸಿಟ್ಟನ್ನು ಹಿಡಿದು ಒಲೆಗೆ ತುಂಬಿದ್ದರೆ ಹುಣಸೂರು ತಾಲ್ಲೂಕಿನ ಅಷ್ಟೂ ಬ್ಯಾರನ್ನುಗಳ ಹೊಗೆಸೊಪ್ಪನ್ನು ಒಂದು ತುಂಡು ಸೌದೆಯಿಲ್ಲದೆ ಬೇಯಿಸಬಹುದಿತ್ತು. ಮಿಕ್ಕ ಕಾವಿನಲ್ಲಿ ಪಿರಿಯಾಪಟ್ಟಣದವರದ್ದೂ ಆಗುತ್ತಿತ್ತು. ಅಂಚೆಯಲ್ಲಿ ಬಂದದ್ದು ನುಣುಪು ಕಾಗದದ ಒಂದು ಪುಸ್ತಕ, ಅದರ ನಡುವೆ ಮಡಿಸಿಟ್ಟ ಒಂದು ಪತ್ರ. ಪುಸ್ತಕದ ಮೇಲೆ ‘ಹುಣಸೂರು ಲಲಿತ ಮತ್ತು ಅಲಂಕಾರ ಕಲೆಗಳ ಸಂಗ್ರಹಾಲಯ: ಒಂದು ಚರಿತ್ರೆ’ ಎಂದಿತ್ತು. ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ಸಂಗ್ರಹಾಲಯದಲ್ಲಿರುವ ಅರಮನೆಯ ತೊಟ್ಟಿಲು ಅಮೂಲ್ಯವಾದ್ದರಿಂದ, ಅದು ಸಣ್ಣ ಊರಿನ ಮಣ್ಣುಗೋಡೆಯ ಕಟ್ಟಡದಲ್ಲಿರುವುದು ಕ್ಷೇಮವಲ್ಲವಾದ್ದರಿಂದ, ಬರುವ ಶುಕ್ರವಾರ ಅದನ್ನು ಮೈಸೂರಿನ ರಾಜಪರಂಪರೆ ವಸ್ತುಕೋಶಕ್ಕೆ ಸಾಗಿಸಲಾಗುವುದು.

ಲಿಂಗಯ್ಯ ಪತ್ರವನ್ನು ಓದಿ, ಪುಸ್ತಕವನ್ನು ಓದಿ, ಮತ್ತೆ ಪತ್ರವನ್ನು ಓದಿದ. ಅವನಿಗೆ ಸಿಟ್ಟು ಬಂದದ್ದು ಪತ್ರಕ್ಕೋ ಪುಸ್ತಕಕ್ಕೋ ಎಂದು ವಿಂಗಡಿಸುವಷ್ಟು ವ್ಯವಧಾನ ಅವನಿಗಿರಲಿಲ್ಲ. ಪುಸ್ತಕದ ನಲವತ್ತು ಪುಟದಲ್ಲಿ ಅರಮನೆ ಅರವತ್ತು ಸಲ ಬಂದಿತ್ತು. ಸಂಗ್ರಹಾಲಯವನ್ನು ಕಟ್ಟಿದ ಡ್ರಾಯಿಂಗ್ ಮೇಷ್ಟ್ರು ದೊಡ್ಡಬೀರಯ್ಯನವರು ಬಂದಿದ್ದು ಒಂದೇ ಸಲ, ಅದೂ ಹೆಸರಿಲ್ಲದೆ: ‘ಸ್ಥಳೀಯ ಶಿಕ್ಷಕರೊಬ್ಬರ ಸಹಕಾರದಿಂದ.’

ಸಹಕಾರವಂತೆ. ಹೆತ್ತ ತಾಯಿಯನ್ನು ಹೆರಿಗೆಗೆ ಸಹಕರಿಸಿದವಳು ಅಂದ ಹಾಗೆ.

ಹುಣಸೂರಿನ ಸಂಗ್ರಹಾಲಯಕ್ಕೆ ಕಾಲಿಟ್ಟವರು ಮೊದಲು ಮಾಡುವ ಕೆಲಸ ಸೀನುವುದು. ಒಮ್ಮೆ ಎಂಬತ್ತು ಶಾಲಾಮಕ್ಕಳು ಒಟ್ಟಿಗೆ ಸೀನಿದ್ದಕ್ಕೆ ಲಕ್ಷ್ಮಣತೀರ್ಥದ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಗುಡುಗು ಅಂದುಕೊಂಡು ಒದ್ದೆ ಬಟ್ಟೆಯನ್ನೇ ಬಾಚಿಕೊಂಡು ಮನೆಗೆ ಓಡಿದ್ದರು. ಕಟ್ಟಡ ಮೊದಲಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಾಗಿತ್ತು. ಅದರ ಯಜಮಾನ ಚಲುವಯ್ಯ ಹೊಸ ಬ್ಯಾರನ್ನು ಕಟ್ಟಿಸಿಕೊಂಡು ಹಳೆಯದನ್ನು ಮೇಷ್ಟ್ರಿಗೆ ಕೊಟ್ಟುಬಿಟ್ಟ. ನಲವತ್ತಾರು ವರ್ಷವಾದರೂ ಗೋಡೆ ಘಾಟು ಬಿಟ್ಟಿಲ್ಲ. ಆ ಘಾಟಿಗೇ ಒಳಗಿನ ಮರದ ಸಾಮಾನಿಗೆ ಒಂದು ಗೆದ್ದಲೂ ಹತ್ತಿಲ್ಲ. ಗೆದ್ದಲು ಹೊಸ್ತಿಲವರೆಗೆ ಬಂದು, ಸೀನಿ, ಮೂಗೊರೆಸಿಕೊಂಡು ಹಿಂದಿರುಗುತ್ತದೆ ಎಂದು ಲಿಂಗಯ್ಯ ಬಂದವರಿಗೆಲ್ಲ ಹೇಳುತ್ತಾನೆ. ಅಲ್ಲಿ ಕಾವಲುಗಾರ ಅವನೇ, ಕಸ ಗುಡಿಸುವವನು ಅವನೇ, ಮರಕ್ಕೆ ಎಣ್ಣೆ, ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವವನೂ ಅವನೇ. ಬಂದವರಿಗೆ ಚರಿತ್ರೆ ಹೇಳುವವನೂ ಅವನೇ ಆದದ್ದರಿಂದ ಈ ಕಥೆ.

ನಿಜವಾದ ಚರಿತ್ರೆ ಹೀಗೆ. ಎಪ್ಪತ್ತೆಂಟರಲ್ಲಿ ಸ್ಟೀಲ್ ಪಾತ್ರೆಯವರು ಹಳ್ಳಿಹಳ್ಳಿಗೆ ಬಂದರು. ಹಳೇ ಕಂಚು, ಹಿತ್ತಾಳೆ, ಮರದ ಸಾಮಾನು ಕೊಟ್ಟರೆ ಥಳಥಳ ಹೊಳೆಯುವ ಲೋಟ, ತಟ್ಟೆ. ಹೆಂಗಸರು ಅಜ್ಜಿಯ ಕಾಲದ ದೀಪದ ಕಂಬವನ್ನು ಕೊಟ್ಟು ಒಂದು ಡಬರಿ ತಗೊಂಡು ಹಬ್ಬ ಮಾಡಿದರು. ಇದನ್ನು ನೋಡಿ ದೊಡ್ಡಬೀರಯ್ಯ ಮೇಷ್ಟ್ರಿಗೆ ಹೊಟ್ಟೆ ಉರಿದು, ಸೈಕಲ್ ಏರಿ, ಸ್ಟೀಲಿನವನು ಊರು ಮುಟ್ಟುವ ಮೊದಲೇ ತಾವು ಮುಟ್ಟತೊಡಗಿದರು. ಆಗ ಇಪ್ಪತ್ತರ ಪ್ರಾಯದ ಲಿಂಗಯ್ಯ ಕ್ಯಾರಿಯರ್ ಮೇಲೆ. ಹೋಗುವಾಗ ಅವನು ಕೂತಿರುತ್ತಿದ್ದ, ಬರುವಾಗ ಅವನ ಜಾಗದಲ್ಲಿ ಮರದ ಪೆಟ್ಟಿಗೆಯೋ ಎತ್ತಿನ ಕೊಂಬಿಗೆ ಹಾಕುವ ಹಿತ್ತಾಳೆ ಕೊಂಬಣಸೋ ಗಾಜಿನ ಮೇಲೆ ಬರೆದ ದೇವರ ಪಟವೋ ಕೂತಿರುತ್ತಿತ್ತು, ಅವನು ನಡೆಯುತ್ತಿದ್ದ. ಹಾಗೆ ಸುತ್ತಿದ್ದು ನಲವತ್ತಮೂರು ಹಳ್ಳಿ. ಲಿಂಗಯ್ಯ ಮಾತ್ರ ಯಾವತ್ತೂ ನಲವತ್ತಮೂರು ಅಂದವನಲ್ಲ. ಬಂದವರ ಬಟ್ಟೆಬರೆ ನೋಡಿ ಮುನ್ನೂರರಿಂದ ಸಾವಿರದವರೆಗೆ ಹೇಳುತ್ತಿದ್ದ.

ಮೇಷ್ಟ್ರು ಒಂದನ್ನೂ ಕೊಳ್ಳಲಿಲ್ಲ, ದಾನ ಕೇಳಲಿಲ್ಲ. ಎರವಲು ಕೇಳಿದರು. ಅಲ್ಲೇ ಅವರು ಗೆದ್ದದ್ದು. ಕೊಡಿ ಅಂದರೆ ಬಾಗಿಲು ಹಾಕಿಕೊಳ್ಳುವ ಊರುಗಳು ಎರವಲು ಅಂದರೆ ಇಲ್ಲ ಅನ್ನುವುದಿಲ್ಲ. ಮದುವೆಗೆ ಕೊಪ್ಪರಿಗೆ, ಹಬ್ಬಕ್ಕೆ ಮಣೆ, ಯಾರ ಮನೆಯದು ಯಾರ ಮನೆಗೂ ಹೋಗುತ್ತದೆ. ಆದರೆ ಕೊಟ್ಟವರದು ಕೊಟ್ಟವರದೇ. ‘ಸಾಮಾನು ನಿಮ್ಮದು, ಗೋಡೆ ನನ್ನದು, ಬೇಕಾದ ದಿನ ಬಂದು ಒಯ್ಯಿರಿ’ ಎಂದು ಮೇಷ್ಟ್ರು ಮಾತು ಕೊಟ್ಟರು. ಅವತ್ತಿನಿಂದ ಆ ಸಂಗ್ರಹಾಲಯದ ಸಾಮಾನು ಸುಮ್ಮನೆ ಕೂತದ್ದೇ ಇಲ್ಲ. ಹಂಪಾಪುರದ ಬಣ್ಣದ ಹಸೆಮಣೆ ವರ್ಷಕ್ಕೆ ನಾಲ್ಕು ಮದುವೆಗೆ ಹೋಗುತ್ತದೆ. ಹೋಗುವಾಗ ಖಾಲಿ ಹೋಗುವುದಿಲ್ಲ, ಬರುವಾಗ ಖಾಲಿ ಬರುವುದಿಲ್ಲ. ಬರಿದಾದ ಪಾತ್ರೆಯನ್ನು ಯಾರ ಕೈಗೂ ಕೊಡಬಾರದೆಂಬುದು ಈ ಕಡೆಯವರು ಎದೆಹಾಲಿನ ಜೊತೆ ಕುಡಿದ ನೇಮ. ಒಂದು ಹಿಡಿ ಅಕ್ಕಿ, ಒಂದಚ್ಚು ಬೆಲ್ಲ, ಏನೂ ಇಲ್ಲವೆಂದರೆ ಒಂದು ವೀಳ್ಯದೆಲೆ.

ಹೀಗೆ ಓಡಾಡುವ ಸಾಮಾನಿನಲ್ಲೆಲ್ಲ ಪಟ್ಟ ಕಟ್ಟಿಸಿಕೊಂಡದ್ದು ಕಟ್ಟೆಮಳಲವಾಡಿಯ ತೊಟ್ಟಿಲು. ಅದು ಚಿಕ್ಕಸಿದ್ದಮ್ಮನ ಗಂಡನ ಮನೆಯದು. ಹಿತ್ತಲ ಹಲಸಿನ ಮರ ಗಾಳಿಗೆ ಬಿದ್ದಾಗ, ಊರಿನ ಬಡಗಿ ಎರಡು ಮೂಟೆ ರಾಗಿ ಕೂಲಿಗೆ ಮಾಡಿಕೊಟ್ಟದ್ದು. ಪಕ್ಕದ ಹಲಗೆಗಳ ಮೇಲೆ ನವಿಲು ಬರೆದವಳು ಬಡಗಿಯ ಹೆಂಡತಿ. ಅವಳು ನವಿಲನ್ನು ಹತ್ತಿರದಿಂದ ನೋಡಿರಲಿಲ್ಲ, ಕೋಳಿಯನ್ನು ದಿನಾ ನೋಡುತ್ತಿದ್ದಳು. ಹಾಗಾಗಿ ನವಿಲಿಗೆ ಹುಂಜದ ಕಾಲು, ಹುಂಜದ ಜಂಬ. ಚಿಕ್ಕಸಿದ್ದಮ್ಮನ ಮನೆಯಲ್ಲಿ, ಅವರ ಬೀದಿಯಲ್ಲಿ ಯಾವ ಕೂಸು ಹುಟ್ಟಿದರೂ ನಾಮಕರಣಕ್ಕೆ ಆ ತೊಟ್ಟಿಲೇ. ಅದು ತೊಲೆಗೆ ಏರುವವರೆಗೆ ಕೂಸು ಮೊರದಲ್ಲಿ. ತೊಟ್ಟಿಲಿಗೆ ಮೊದಲು ಹಾಕುವುದು ಕೂಸನ್ನಲ್ಲ, ಒರಳಿನ ಗುಂಡುಕಲ್ಲನ್ನು. ಅದನ್ನು ತೊಳೆದು, ಅರಿಸಿನ ಕುಂಕುಮ ಇಟ್ಟು, ಮಲಗಿಸಿ, ತೂಗಿ, ಜೋಗುಳ ಹಾಡಿ, ಕಲ್ಲಿನ ಹಾಗೆ ಗಟ್ಟಿಯಾಗಿರು ಅಂತ ಹರಸಿ ಆಮೇಲೆ ಕೂಸು.

ಇಷ್ಟು ನಿಜ. ಆದರೆ ಬಸ್ಸಿಳಿದು, ಬಿಸಿಲಲ್ಲಿ ನಡೆದು, ಹದಿನೇಳು ಸಲ ಸೀನಿ ಒಳಗೆ ಬಂದವರಿಗೆ ಹಲಸಿನ ಮರ, ಎರಡು ಮೂಟೆ ರಾಗಿ ಅಂದರೆ ಏನು ಹೇಳಿದ ಹಾಗಾಯಿತು? ಮೊದಲ ವರ್ಷ ಲಿಂಗಯ್ಯ ಇದು ದೊಡ್ಡ ಗೌಡರ ಮನೆಯದು ಅಂದ. ಮೂರನೇ ವರ್ಷಕ್ಕೆ ಅದು ಪಾಳೇಗಾರನದಾಯಿತು. ಮೇಷ್ಟ್ರು ಬದುಕಿರುವವರೆಗೆ ಪಾಳೇಗಾರನನ್ನು ದಾಟಲು ಬಿಡಲಿಲ್ಲ. ಅವರು ಹೋದ ಹತ್ತು ವರ್ಷದಲ್ಲಿ ತೊಟ್ಟಿಲು ನೇರ ಅರಮನೆಗೇ ನುಗ್ಗಿತು. ಹಲಸು ಗಂಧವಾಯಿತು. ಹುಂಜದ ಕಾಲಿನ ನವಿಲು ಪರ್ಷಿಯಾ ದೇಶದ ಹಕ್ಕಿಯಾಯಿತು. ತೊಟ್ಟಿಲ ತಳದ ಹಲಗೆಯಲ್ಲಿ ಒಂದು ಗುಳಿಯಿದೆ; ರಾಜಕುಮಾರ ಸಿಟ್ಟಿನಲ್ಲಿ ಚಿನ್ನದ ಗಿಲಕಿಯನ್ನು ಬಡಿದೂ ಬಡಿದೂ ಆದದ್ದು ಎಂದು ಹೇಳಿ ಹೇಳಿ, ಅದು ಅಸಲಿಗೆ ಹೇಗಾಯಿತೆಂಬುದು ಲಿಂಗಯ್ಯನಿಗೇ ಮರೆತುಹೋಗಿತ್ತು. ತೊಟ್ಟಿಲು ನಾಮಕರಣಕ್ಕೆ ಹೋಗಿ ಕೊಕ್ಕೆ ಬರಿದಾಗಿದ್ದ ದಿನ ಯಾರಾದರೂ ಬಂದರೆ, ‘ಪ್ಯಾರಿಸ್ಸಿಗೆ ಹೋಗಿದೆ ಸ್ವಾಮಿ, ಪ್ರದರ್ಶನಕ್ಕೆ, ಸೋಮವಾರ ಬರುತ್ತೆ’ ಅನ್ನುತ್ತಿದ್ದ.

ಇಷ್ಟಕ್ಕೆ ಯಾರ ಗಂಟೂ ಹೋಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಸೂರು ಸೋರಿತೆಂದು, ಮೇಷ್ಟ್ರ ನಂತರ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಟ್ರಸ್ಟಿನವರು ಅದನ್ನು ಮೈಸೂರಿನ ಆ ವಸ್ತುಕೋಶದ ಉಸ್ತುವಾರಿಗೆ ಒಪ್ಪಿಸಿದರು. ಹೋದ ವರ್ಷ ಕೋಶದಿಂದ ಸಂಘಮಿತ್ರ ಎಂಬ ಹುಡುಗಿ ಚರಿತ್ರೆ ಬರೆಯಲು ಬಂದಳು. ಅಂಥ ಶ್ರದ್ಧೆಯ ಹುಡುಗಿಯನ್ನು ಲಿಂಗಯ್ಯ ಏಳು ಜನ್ಮದಲ್ಲಿ ಕಂಡಿರಲಿಲ್ಲ. ಮೊಬೈಲನ್ನು ಮುಂದಿಟ್ಟು, ‘ಹೇಳಿ ತಾತ’ ಅಂದು ಕೈಕಟ್ಟಿ ಕೂತಳು. ನಲವತ್ತಾರು ವರ್ಷದಲ್ಲಿ ಅವನ ಮಾತನ್ನು ಯಾರೂ ಹಾಗೆ ನಡುವೆ ಬಾಯಿ ಹಾಕದೆ ಕೇಳಿರಲಿಲ್ಲ. ಅವನು ಮೂರು ದಿನ ಹೇಳಿದ. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು. ಈಗ ನೋಡಿದರೆ ಪುಸ್ತಕದ ಹನ್ನೊಂದನೇ ಪುಟದಲ್ಲಿ ಗಂಧದ ಮರ, ಹನ್ನೆರಡರಲ್ಲಿ ಪರ್ಷಿಯಾದ ಹಕ್ಕಿ, ಹದಿಮೂರರಲ್ಲಿ ಚಿನ್ನದ ಗಿಲಕಿಯ ಗುರುತಿನ ಬಣ್ಣದ ಫೋಟೋ, ಅಳತೆಯ ಸಮೇತ. ಹದಿನಾಲ್ಕರಲ್ಲಿ: ‘ಈ ತೊಟ್ಟಿಲು ಪ್ಯಾರಿಸ್ ನಗರದಲ್ಲಿ ಕನಿಷ್ಠ ಇಪ್ಪತ್ತಾರು ಬಾರಿ ಪ್ರದರ್ಶನಗೊಂಡಿದೆ.’

ಅವನ ಮಾತೆಲ್ಲ ಅಚ್ಚಾಗಿತ್ತು. ಅವನು ಮೇಷ್ಟ್ರ ಬಗ್ಗೆ ಹೇಳಿದ್ದು ಕಡಿಮೆಯಾದ್ದರಿಂದ ಅಚ್ಚಾದದ್ದೂ ಕಡಿಮೆ. ಇದು ಹೊಳೆದ ಮೇಲಂತೂ ಅವನ ಸಿಟ್ಟು ಎತ್ತ ಹೋಗಬೇಕೆಂದು ತಿಳಿಯದೆ ಬ್ಯಾರನ್ನಿನ ಒಳಗೇ ಗಿರಗಿರ ಸುತ್ತಿತು.

ಮರುದಿನ ಬೆಳಗಿನ ಬಸ್ಸಿಗೆ ಚಿಕ್ಕಸಿದ್ದಮ್ಮ ಬಂದಿಳಿದಳು. ಎಂಬತ್ತು ದಾಟಿದ ಹೆಂಗಸು. ಮೊಮ್ಮಗಳು ಪ್ರಿಯಾಳ ಕೂಸಿಗೆ ಭಾನುವಾರ ಇಪ್ಪತ್ತೊಂದು ದಿನ, ಅವತ್ತೇ ನಾಮಕರಣ, ತೊಟ್ಟಿಲಿಗೆ ಮುಂಗಡವಾಗಿ ಹೇಳಿಹೋಗಲು ಬಂದವಳು. ಲಿಂಗಯ್ಯ ಅವಳ ಮುಂದೆ ಪತ್ರವನ್ನು ಓದಿದ. ಪುಸ್ತಕವನ್ನೂ ಓದಬೇಕಾಯಿತು, ಯಾಕೆ ಒಯ್ಯುತ್ತಾರೆ ಅಂತ ಕೇಳಿದಳಲ್ಲ. ಅವಳು ಗಂಧ, ಪರ್ಷಿಯಾ, ಗಿಲಕಿ ಎಲ್ಲವನ್ನೂ ಎಲೆಯಡಿಕೆ ಅಗಿಯುತ್ತ ಕೇಳಿಸಿಕೊಂಡಳು. ಪ್ಯಾರಿಸ್ಸಿಗೆ ಬಂದಾಗ ಅಗಿಯುವುದು ನಿಂತಿತು.

“ಏನ್ಲಾ ಲಿಂಗ, ಇದು ಅರಮನೇದಾದ್ರೆ ನಾನ್ಯಾರ್ಲಾ? ಮಾರಾಣೀನಾ?”

“ಸಿದ್ದಕ್ಕ, ಬಂದೋರು ಬ್ಯಾಸ್ರ ಮಾಡ್ಕಬಾರ್ದು ಅಂತ ಒಂದೆರಡ್ ಮಾತು ಸೇರಿಸ್ದೆ ಕಣಕ್ಕ.”

“ಒಂದೆರಡಾ? ನಿನ್ ಬಾಯ್ಗೊಂದು ಅಣೆಕಟ್ಟು ಕಟ್ಟಿದ್ರೆ ಕೋಟೆ ತಾಲ್ಲೂಕ್ಗೆಲ್ಲ ನೀರ್ ಬುಡಬೋದಿತ್ತು. ಆ ಮರ ಬಿದ್ದಾಗ ನಮ್ಮತ್ತೆ ಕಂಕುಳಲ್ಲಿ ಕೂಸು ಇಟ್ಕಂಡು ನಿಂತಿದ್ಲಂತೆ. ಗಂಧವಂತೆ, ಗಂಧ. ಅದ್ರ ತೊಳೆ ತಿಂದು ಊರೆಲ್ಲ ಕೈಗೆ ಎಣ್ಣೆ ಅಚ್ಕಂಡಿತ್ತು ಕಣ್ಲಾ.”

ಅವಳು ಇಷ್ಟಕ್ಕೆ ಬಿಡಲಿಲ್ಲ. ಕೂಸು ಇವತ್ತಿಗೂ ಮೊರದಲ್ಲಿದೆ, ಕಾಲು ಆಚೆ ಬರುತ್ತಿದೆ, ಪ್ರಿಯಾಳ ಗಂಡನ ಕಡೆಯವರು ಆನ್‌ಲೈನಿನಲ್ಲಿ ತೊಟ್ಟಿಲು ತರಿಸುತ್ತೇವೆ ಅಂದದ್ದಕ್ಕೆ ನಮ್ಮನೆ ಕೂಸು ಪ್ಲಾಸ್ಟಿಕ್ಕಿನಲ್ಲಿ ಮಲಗಲ್ಲ ಅಂತ ತಾನು ಆ ಬಾಯಿಗಳನ್ನು ಮುಚ್ಚಿಸಿ ಬಂದಿದ್ದೇನೆ ಎಂದಳು. ಮೇಷ್ಟ್ರು ತನ್ನ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಮಾತು ಕೊಟ್ಟದ್ದನ್ನು ನೆನಪಿಸಿದಳು. ಆ ಮಾತನ್ನು ಕಾಯಲು ನಿನ್ನನ್ನು ಇಲ್ಲಿ ಕೂರಿಸಿದರೆ ನೀನು ಬಾಯಲ್ಲೇ ಮಾರಿಬಿಟ್ಟೆಯಲ್ಲೋ ಎಂದಳು. ಕಡೆಗೆ, ಬಸ್ಸಿಗೆ ಹೊತ್ತಾಯಿತೆಂದು ಎದ್ದವಳು ಬಾಗಿಲಲ್ಲಿ ತಿರುಗಿ, “ಭಾನ್ವಾರ ತೊಟ್ಲು ನಮ್ಮಟ್ಟಿ ತೊಲೇಲಿ ತೂಗ್ಬೇಕು. ಇಲ್ದಿದ್ರೆ ನಿನ್ನೇ ತೂಗಾಕ್ತೀನಿ” ಎಂದು ಹೋದಳು. ಅವಳು ಹಾಗೆ ಮಾಡುವವಳೇ ಎಂದು ಲಿಂಗಯ್ಯನಿಗೆ ಗೊತ್ತಿತ್ತು.

ಅವನು ಕೋಶದ ಅಧಿಕಾರಿ ವೆಂಕಟೇಶ್ ಅವರಿಗೆ ಫೋನು ಮಾಡಿದ. ಏಳು ಸಲ ಸಂಗೀತ ಕೇಳಿಸಿ ಎಂಟನೇ ಸಲಕ್ಕೆ ಮನುಷ್ಯ ಸಿಕ್ಕ. ಜೀವಮಾನದಲ್ಲಿ ಮೊದಲ ಬಾರಿಗೆ ಲಿಂಗಯ್ಯ ಒಂದು ವಿಷಯವನ್ನು ಇದ್ದದ್ದು ಇದ್ದಷ್ಟೇ ಹೇಳಿದ. ಹಲಸು, ಬಡಗಿ, ರಾಗಿ, ಕೋಳಿ. ಹೇಳುವಾಗ ತನಗೇ ನಾಚಿಕೆಯಾಗುವಷ್ಟು ಅದು ಸಪ್ಪೆಯಾಗಿತ್ತು. ಅತ್ತ ಕಡೆಯಿಂದ ಅಧಿಕಾರಿ ನಕ್ಕು, ನಿಮಗೆ ತೊಟ್ಟಿಲ ಮೇಲೆ ಪ್ರೀತಿಯಿರುವುದು ಸಹಜ, ಅದಕ್ಕೆಂದು ಈಗ ಕಥೆ ಕಟ್ಟಬಾರದು ಎಂದರು.

“ನಿಮ್ಮ ಧ್ವನಿಯೇ ನಮ್ಮ ದಾಖಲೆ, ಲಿಂಗಯ್ಯನವರೇ. ಬೇಕಾದರೆ ಕೇಳಿ.”

ಫೋನಿನೊಳಗಿಂದ ಲಿಂಗಯ್ಯನದೇ ಧ್ವನಿ ಬಂತು. ರಾಜಕುಮಾರ ಅಳುತ್ತಿದ್ದ, ಗಿಲಕಿ ಝಣಝಣ ಅನ್ನುತ್ತಿತ್ತು, ಪರ್ಷಿಯಾದ ಹಕ್ಕಿ ರೆಕ್ಕೆ ಬಡಿಯುತ್ತಿತ್ತು. ಎಷ್ಟು ಚೆನ್ನಾಗಿ ಹೇಳಿದ್ದೇನೆ ಎಂದು ಒಂದು ಗಳಿಗೆ ಅವನಿಗೆ ಸಿಟ್ಟೇ ಮರೆತುಹೋಯಿತು. ನೆನಪಾದಾಗ ಎರಡರಷ್ಟಾಗಿ ಬಂತು. ಸುಳ್ಳನ್ನು ಹಾಲು ಕುಡಿದ ಹಾಗೆ ಕುಡಿದ ಜನ ನಿಜವನ್ನು ಕಂಡು ವಾಂತಿ ಮಾಡುತ್ತಿದ್ದಾರಲ್ಲ, ಇವರಿಗೆ ಚರಿತ್ರೆ ಬೇರೆ ಕೇಡು ಎಂದು ಅವನು ಫೋನಿಟ್ಟ ಮೇಲೆ ಬ್ಯಾರನ್ನಿನ ಗೋಡೆಗಳಿಗೆ ಒಂದು ತಾಸು ಬೈದ. ಗೋಡೆಗಳು ಸೀನಲಿಲ್ಲ ಅಷ್ಟೇ.

ಸಂಘಮಿತ್ರಳಿಗೂ ಫೋನು ಮಾಡಿದ. ಅವಳು ನಗಲಿಲ್ಲ. ಮೆಲ್ಲಗೆ, ಮೊದಲು ಹೇಳಿದ್ದು ಸುಳ್ಳಾದರೆ ಈಗ ಹೇಳುವುದನ್ನು ಹೇಗೆ ನಂಬಲಿ ತಾತ, ಕಣ್ಣಿಗೆ ಕಾಣುವಂಥದ್ದು ಏನಾದರೂ ಇದೆಯೇ ಎಂದು ಕೇಳಿದಳು. ಕಣ್ಣಿಗೆ ಕಾಣುವಂಥದ್ದು. ಗುರುವಾರವಿಡೀ ಲಿಂಗಯ್ಯ ತೊಟ್ಟಿಲನ್ನು ತಲೆಕೆಳಗು ಮಾಡಿ ಹುಡುಕಿದ. ಬಡಗಿಯ ಗುರುತಿಲ್ಲ, ಹೆಸರಿಲ್ಲ, ತಾರೀಖಿಲ್ಲ. ಅದಕ್ಕೆ ಎಣ್ಣೆ ಹಚ್ಚಿ ಹಚ್ಚಿ ತಾನೇ ಅದನ್ನು ಗಂಧದಂತೆ ಮಾಡಿಟ್ಟಿದ್ದ.

ಶುಕ್ರವಾರ ಹತ್ತು ಗಂಟೆಗೆ ವ್ಯಾನು ಬಂತು. ವೆಂಕಟೇಶ್ ಇಳಿದರು, ಸಂಘಮಿತ್ರ ತಲೆ ತಗ್ಗಿಸಿಕೊಂಡು ಇಳಿದಳು, ಬಿಳಿ ಕೈಗವಸು ತೊಟ್ಟ ನಾಲ್ವರು ಒಳಗೆಲ್ಲ ಸ್ಪಂಜು ಅಂಟಿಸಿದ ಒಂದು ಮರದ ಪೆಟ್ಟಿಗೆಯನ್ನು ಇಳಿಸಿದರು. ಅದರಲ್ಲಿ ಆನೆಯನ್ನು ಮಲಗಿಸಿ ಕಾಲು ಚಾಚಲು ಜಾಗ ಬಿಡಬಹುದಿತ್ತು. ಎಲ್ಲರೂ ಸೀನಿದರು. ಲಿಂಗಯ್ಯ ಬಾಗಿಲಿಗೆ ಅಡ್ಡ ನಿಂತು, ಇದು ಎರವಲು ಸಾಮಾನು, ಯಜಮಾನರು ಹೂಂ ಅನ್ನದೆ ಒಯ್ಯುವ ಹಾಗಿಲ್ಲ ಎಂದ. ಯಾರು ಯಜಮಾನರು, ಅರಮನೆಯವರೇ ಎಂದು ವೆಂಕಟೇಶ್ ಕೇಳಿದರು. ಕೈಗವಸಿನವರು ಪಕ್ಕದಿಂದ ನುಸುಳಿ ತೊಟ್ಟಿಲನ್ನು ಕೊಕ್ಕೆಯಿಂದ ಬಿಡಿಸಿ ನೆಲಕ್ಕಿಟ್ಟೂ ಬಿಟ್ಟರು.

ಅಷ್ಟರಲ್ಲಿ ಹೊರಗೆ ಲಗೇಜ್ ಆಟೋ ನಿಂತ ಸದ್ದಾಯಿತು. ಚಿಕ್ಕಸಿದ್ದಮ್ಮ ಒಳಗೆ ಬಂದಳು. ಸೆರಗಿನಲ್ಲಿ ಎಳೆಗೂಸಿನಂತೆ ಸುತ್ತಿ ಕಂಕುಳಲ್ಲಿ ಅವುಚಿಕೊಂಡಿದ್ದದ್ದು ಅವಳ ಮನೆಯ ಒರಳಿನ ಗುಂಡುಕಲ್ಲು. ತೊಟ್ಟಿಲನ್ನು ಒಯ್ಯಲು ಬಂದಾಗಲೆಲ್ಲ ಅವಳು ಅದನ್ನು ತರುವವಳೇ. ತೊಟ್ಟಿಲು ದಾರಿಯಲ್ಲಿ ಬರಿದಾಗಿ ಹೋಗಬಾರದಲ್ಲ, ಕಟ್ಟೆಮಳಲವಾಡಿ ಮುಟ್ಟುವವರೆಗೆ ಆ ಕಲ್ಲು ಗುಂಡಪ್ಪನೇ ಅದರೊಳಗಿನ ಕೂಸು. ಇಪ್ಪತ್ತಾರು ಸಲ ಹಾಗೇ ಆಗಿತ್ತು. ಪತ್ರ ಬಂದಿದೆ, ವ್ಯಾನು ಬಂದಿದೆ ಎಂದು ಅವಳು ಯಾಕೆ ನೇಮ ತಪ್ಪಿಸಬೇಕು? ಅವಳು ಅಧಿಕಾರಿಯನ್ನು ಕಂಬದ ಹಾಗೆ ಬಳಸಿಕೊಂಡು ಹೋಗಿ, ಬಗ್ಗಿ, ಕಲ್ಲನ್ನು ತೊಟ್ಟಿಲೊಳಗೆ ಮಲಗಿಸಿದಳು.

ಟಕ್ ಎಂದಿತು.

ಆ ಕಲ್ಲಿಗೊಂದು ಮೂಗಿದೆ. ಯಾವ ಕಾಲದಲ್ಲೋ ಅಂಚು ಒಡೆದು, ಉಳಿದ ಮೊನೆ ಹೆಬ್ಬೆರಳಷ್ಟು ಆಚೆ ಚಾಚಿಕೊಂಡಿದೆ. ಆ ಮೂಗು ಹೋಗಿ ಚಿನ್ನದ ಗಿಲಕಿಯ ಗುಳಿಯಲ್ಲಿ ಕೂತಿತು. ಬೀಗಕ್ಕೆ ಬೀಗದ ಕೈ ಹೋದಂತೆ. ಲಿಂಗಯ್ಯನ ತಲೆಯಲ್ಲಿ ಎಷ್ಟೋ ವರ್ಷದಿಂದ ಮುಚ್ಚಿದ್ದ ಬಾಗಿಲೊಂದು ತೆರೆಯಿತು. ಎಷ್ಟು ನಾಮಕರಣದಲ್ಲಿ ಅವನೇ ಕೂತು ಆ ಸದ್ದನ್ನು ಕೇಳಿರಲಿಲ್ಲ? ಪುಸ್ತಕವನ್ನು ತೆಗೆದು ಹದಿಮೂರನೇ ಪುಟ ಬಿಡಿಸಿ ಅವನು ಸಂಘಮಿತ್ರಳ ಕೈಗಿತ್ತ. ಬಾಯಲ್ಲಿ ಏನೂ ಹೇಳಲಿಲ್ಲ. ಅವನ ಬಾಯಿಯ ಯೋಗ್ಯತೆ ಅವನಿಗೀಗ ತಿಳಿದಿತ್ತು.

ವೆಂಕಟೇಶ್, ಅಮ್ಮಾ ಅದು ಪಾರಂಪರಿಕ ವಸ್ತು, ಕಲ್ಲು ಹಾಕಬಾರದು ಎನ್ನುತ್ತಿದ್ದರು. ಸಂಘಮಿತ್ರ ನೆಲಕ್ಕೆ ಕೂತಳು. ಕಲ್ಲನ್ನು ಎತ್ತಿದಳು, ತಿರುಗಿಸಿ ಇಟ್ಟಳು, ಕೂರಲಿಲ್ಲ. ಮತ್ತೊಂದು ಮಗ್ಗುಲಿಗೆ ಇಟ್ಟಳು, ಕೂರಲಿಲ್ಲ. ಮೊದಲಿನಂತೆ ಇಟ್ಟಳು. ಟಕ್. ಗುಳಿಯನ್ನು ಅಳೆದವಳು ಅವಳೇ. ಅದೇ ಟೇಪಿನಿಂದ ಈಗ ಮೂಗನ್ನೂ ಅಳೆದಳು. ಆಮೇಲೆ ಮೊಬೈಲನ್ನು ತೆಗೆದು ಚಿಕ್ಕಸಿದ್ದಮ್ಮನ ಮುಂದಿಟ್ಟು, ಇದರಲ್ಲಿ ಯಾರ್ಯಾರು ಮಲಗಿದ್ದಾರಜ್ಜಿ ಎಂದು ಕೇಳಿದಳು.

ಅಜ್ಜಿ ಹೇಳಿದಳು. ಗಂಡನಿಂದ ಶುರುವಾಗಿ, ಮೈದುನಂದಿರು, ನಾದಿನಿಯರು, ತನ್ನ ಮಕ್ಕಳು, ಬೀದಿಯ ಮಕ್ಕಳು, ಹುಟ್ಟಿದ ತಿಂಗಳು, ಅವತ್ತು ಮಳೆ ಬಂದಿತ್ತೋ ಇಲ್ಲವೋ ಎಲ್ಲವನ್ನೂ. ಬದುಕಿದವರನ್ನೂ ಹೇಳಿದಳು, ಉಳಿಯದವರನ್ನೂ ಹೇಳಿದಳು. ಒಂದಕ್ಕೂ ಬಣ್ಣ ಹಚ್ಚಲಿಲ್ಲ. ವ್ಯಾನಿನ ಡ್ರೈವರ್ ಕೂಡ ಒಳಗೆ ಬಂದು ನಿಂತಿದ್ದ. ನಡುವೆ ಬೆರಳೆತ್ತಿ ತೋರಿಸಿ, “ಈ ಲಿಂಗ್ನೂ ಇದ್ರಾಗೇ ಮಲಗಿದ್ದೋನು. ಆವಾಗ್ಲೂ ಸುಮ್ಕೆ ಬಾಯ್ಮಾಡ್ತಿದ್ದ” ಎಂದಳು.

ವೆಂಕಟೇಶ್ ಕನ್ನಡಕವನ್ನು ತೆಗೆದು ಒರೆಸಿದರು. ಪತ್ರವನ್ನು ಮಡಿಸಿದರು. ಹಾಗಾದರೆ ಇದು ಅರಮನೆಯದಲ್ಲ ಎಂದರು. ಅಲ್ಲ ಎಂದಳು ಸಂಘಮಿತ್ರ.

“ಸರಿ ಬಿಡಿ. ಸಾಧಾರಣ ತೊಟ್ಟಿಲು. ನಮ್ಮ ಕೋಶಕ್ಕೆ ಇಂಥದ್ದು ಬೇಕಾಗಿಲ್ಲ.”

ಸಾಧಾರಣ. ಮಂಗಳವಾರದ ಸಿಟ್ಟು ಇದರ ಮುಂದೆ ಬರೀ ಬೆಂಕಿಕಡ್ಡಿ. ಗೆದ್ದಿದ್ದೇವೆ, ತೊಟ್ಟಿಲು ಉಳಿಯಿತು, ಸುಮ್ಮನಿರಬೇಕು ಎಂದು ಲಿಂಗಯ್ಯನ ಬುದ್ಧಿ ಹೇಳಿತು. ಆದರೆ ಅರಮನೆಯದಾದರೆ ಕಸಿದುಕೊಳ್ಳುತ್ತಾರೆ, ಹಟ್ಟಿಯದಾದರೆ ಉಗುಳುತ್ತಾರೆ, ಇದು ಯಾವ ಸೀಮೆ ನ್ಯಾಯ? ಮೂರು ತಲೆಮಾರು ಮಲಗೆದ್ದ ಹಲಗೆ ಇವರಿಗೆ ಸಾಧಾರಣವೇ? ಅವನ ಬಾಯಿ ತಾನಾಗಿ ತೆರೆಯಿತು. ಕೊನೇಪಕ್ಷ ಒಬ್ಬ ಪಾಳೇಗಾರನಾದರೂ, ಒಬ್ಬ ಸಣ್ಣ ದಿವಾನನಾದರೂ ಈ ತೊಟ್ಟಿಲಿಗೆ ಬೇಕೇಬೇಕೆಂದು ನಾಲಿಗೆ ಮಡಿಸಿ ನಿಂತಿತ್ತು. ಚಿಕ್ಕಸಿದ್ದಮ್ಮ ಅವನ ಮುಖವನ್ನು ನೋಡಿದಳು, ಮಡಿಲಿಗೆ ಕೈ ಹಾಕಿದಳು, ಅಚ್ಚುಬೆಲ್ಲದ ಒಂದು ತುಂಡನ್ನು ತೆಗೆದು ಆ ತೆರೆದ ಬಾಯಿಗೆ ಗಿಡಿದಳು.

ಪಾಳೇಗಾರ ಅಲ್ಲೇ ಕರಗಿಹೋದ.

ಕೈಗವಸಿನವರು ಖಾಲಿ ಪೆಟ್ಟಿಗೆಯನ್ನು ಎತ್ತಿದರು. ಅವಳು ಅವರನ್ನು ತಡೆದು, ಮಡಿಲಲ್ಲಿ ತಡಕಾಡಿ, ಇದ್ದದ್ದರಲ್ಲಿ ತೀರಾ ಸಣ್ಣದೊಂದು ಬೆಲ್ಲದ ಚೂರನ್ನು ಆರಿಸಿ ಆ ಪೆಟ್ಟಿಗೆಯ ಸ್ಪಂಜಿನ ಮೇಲಿಟ್ಟಳು. ಇವರಿಗ್ಯಾಕಕ್ಕ ಬೆಲ್ಲ ಎಂದು ಲಿಂಗಯ್ಯ ತುಂಬಿದ ಬಾಯಲ್ಲೇ ಕೇಳಿದ.

“ಕದಿಯಾಕ್ ಬಂದೋರೇ ಆಗ್ಲಿ, ಬರೀ ಪೆಟ್ಗೆ ಕಳಿಸ್ಬಾರ್ದು ಕಣ್ಲಾ. ಅದು ಅವ್ರ್ಗೆ ಗೊತ್ತಿಲ್ದಿದ್ರೆ ನಮ್ಗೂ ಗೊತ್ತಿಲ್ವಾ?”

ಸಂಘಮಿತ್ರ ಹೊರಡುವ ಮೊದಲು ಲಿಂಗಯ್ಯನ ಹತ್ತಿರ ಬಂದು, ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸುತ್ತೇನೆ, ಮೇಷ್ಟ್ರ ಹೆಸರು ಮೊದಲ ಪುಟದಲ್ಲಿರುತ್ತದೆ, ಆದರೆ ನೀವು ಮತ್ತೆ ಮೊದಲಿಂದ ಹೇಳಬೇಕು ಎಂದಳು. ಈ ಸಲ ಅಜ್ಜಿಯೂ ಪಕ್ಕದಲ್ಲಿ ಕೂರಬೇಕು ಎಂಬುದನ್ನೂ ಸೇರಿಸಿದಳು. ಅವನಿಗೆ ಅದೂ ಅವಮಾನವೇ ಆಯಿತು. ನುಂಗಿಕೊಂಡ, ಬೆಲ್ಲದ ಜೊತೆಗೆ.

ಭಾನುವಾರ ಕಟ್ಟೆಮಳಲವಾಡಿಯಲ್ಲಿ ತೊಟ್ಟಿಲು ತೊಲೆಗೇರಿತು. ಗುಂಡಪ್ಪ ಮಲಗಿ ಎದ್ದ ಮೇಲೆ ಪ್ರಿಯಾಳ ಕೂಸು ಮಲಗಿತು. ಇಪ್ಪತ್ತೊಂದು ದಿನ ಮೊರದಲ್ಲಿ ಮುದುಡಿದ್ದ ಕಾಲನ್ನು ಅದು ಚಾಚಿದ ಚಾಚಿಗೆ ಹುಂಜದ ಕಾಲಿನ ನವಿಲು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿಯಿತು ಎಂದು ನೋಡಿದವರು ಇದ್ದಾರೆ. ಊಟದ ಹೊತ್ತಿಗೆ, ಕೃಷ್ಣರಾಜನಗರದಿಂದ ಬಂದಿದ್ದ ಗಂಡಿನ ಕಡೆಯ ಚಿಕ್ಕಪ್ಪ ಮೂರ್ತಿ ಎಂಬವರು ತೊಟ್ಟಿಲನ್ನು ಸವರಿ ನೋಡಿ, ಭಾರಿ ಹಳೇದಿದ್ದಂಗದೆ, ಎಲ್ಲಿಯದು ಎಂದು ಲಿಂಗಯ್ಯನನ್ನು ಕೇಳಿದರು.

ಸಾರು ಬಡಿಸುತ್ತಿದ್ದವರ ಕೈ ನಿಂತಿತು. ಬೀದಿಗೆ ಬೀದಿಯೇ ಅವನ ಬಾಯನ್ನು ನೋಡಿತು. ಚಿಕ್ಕಸಿದ್ದಮ್ಮನ ಕೈ ಮಡಿಲ ಕಡೆಗೆ ಹೋಯಿತು.

“ಇದೇ ಊರಿಂದು” ಎಂದ ಲಿಂಗಯ್ಯ. “ಅಲಸಿನ್ ಮರದ್ದು. ಎರಡು ಮೂಟೆ ರಾಗಿ ಕೂಲಿ.”

ಇಷ್ಟು ಹೇಳಿದ್ದಕ್ಕೆ ಅವನ ಗಂಟಲು ಆಮೇಲೆ ಮೂರು ದಿನ ಊದಿಕೊಂಡಿತ್ತು.

“ಓ,” ಎಂದರು ಮೂರ್ತಿ, ಎಲೆಯ ಕಡೆ ತಿರುಗುತ್ತ. “ಅಷ್ಟೇನಾ?”

“ಅಷ್ಟೇನಾ ಅಂದ್ರೆ ಏನ್ರೀ?” ಲಿಂಗಯ್ಯ ಎದ್ದು ಅವರ ಎದುರಿಗೇ ಹೋಗಿ ಕುಕ್ಕರಗಾಲಲ್ಲಿ ಕೂತ. “ನೀವು ಅನ್ನ ಕಲಸ್ಕಳಿ, ನಾನು ಯೋಳ್ತೀನಿ. ದೊಡ್ಡಬೀರಯ್ಯ ಅಂತ ಒಬ್ರು ಮೇಷ್ಟ್ರಿದ್ರು. ಅವ್ರತ್ರ ಒಂದು ಸೈಕಲ್ಲಿತ್ತು. ಬ್ರೇಕ್ ಇರ್ನಿಲ್ಲ. ಆ ಸೈಕಲ್ನಾಗೆ ಅವ್ರು ಸುತ್ತಿದ್ದು ನಲವತ್...”

ಚಿಕ್ಕಸಿದ್ದಮ್ಮ ಬೆಲ್ಲವನ್ನು ಹಿಡಿದುಕೊಂಡೇ ಕಾದಳು.

“...ಮೂರು ಅಳ್ಳಿ” ಎಂದ ಲಿಂಗಯ್ಯ, ಹಲ್ಲು ಕಚ್ಚಿಕೊಂಡು. ಅವಳು ಬೆಲ್ಲವನ್ನು ಮಡಿಲಿಗೆ ಹಾಕಿಕೊಂಡು ತೊಟ್ಟಿಲ ಹಗ್ಗವನ್ನು ಎಳೆದಳು.